ಗೇಟಿನ ಬೋರ್ಡಿನ ಬಣ್ಣ ಏಳುತ್ತಿದೆ, ವಾರ್ನಿಷ್ ಹೊಡೆದರೆ ಸಾಕಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ, ಜೊತೆಗೆ ಸಣ್ಣ ಹೋಂಸ್ಟೇ. ಗೇಟಿನ ಪಕ್ಕ ಹಲಸಿನ ಹಲಗೆಯ ಬೋರ್ಡು ಇದೆ. ನಾಲ್ಕಡಿ ಉದ್ದ, ಎರಡಡಿ ಎತ್ತರ, ಎರಡು ಹಲಗೆ ಜೋಡಿಸಿದ್ದು. ಕಬ್ಬಿಣದ ಆಂಗಲ್ (ಎಲ್ ಆಕಾರದ ಪಟ್ಟಿ) ಫ್ರೇಮಿನಲ್ಲಿ ಕೂರಿಸಿದ್ದೇವೆ. ಹಸಿರು ಎನಾಮಲ್ ಮೇಲೆ ಹಳದಿ ಅಕ್ಷರ. ಸುಮಾರು 20 ವರ್ಷದ ಹಿಂದೆ ನಮ್ಮ ತಂದೆ ಬರೆಸಿದ್ದು. ಮಂಕಾಗಿದೆ ಅಂತ ಎರಡು ವರ್ಷದ ಹಿಂದೆ ಮೇಲೆ ವಾರ್ನಿಷ್ ಹೊಡೆಸಿದೆವು. ಈಗ ಅದು ಸಿಪ್ಪೆಯಾಗಿ ಏಳುತ್ತಿದೆ, ಬಣ್ಣವನ್ನೂ ಕಿತ್ತುಕೊಂಡು ಬರುತ್ತಿದೆ. ಕೆಳಗಿನ ಅಂಚು ಕಪ್ಪಾಗಿ ಮೆತ್ತಗಾಗಿದೆ. ಇನ್ನೂ ಒಳ್ಳೆಯ ವಾರ್ನಿಷ್ ಹೊಡೆದರೆ ಸಾಕಾ? ತಂದೆ ಬರೆಸಿದ ಅಕ್ಷರ ಹಾಗೇ ಉಳಿಸಿಕೊಳ್ಳಬಹುದಾ?

ಉತ್ತರ: ದಯವಿಟ್ಟು ಇನ್ನೊಂದು ಕೋಟ್ ವಾರ್ನಿಷ್ ಹೊಡೆಯಬೇಡಿ. ಎಷ್ಟು ದುಬಾರಿಯದಾದರೂ ಬೇಡ. ಅಕ್ಷರದ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದನ್ನು ಉಳಿಸಿಕೊಳ್ಳಲು ದಾರಿ ಇದೆ. ಮೊದಲು ಬೋರ್ಡು ಯಾಕೆ ಹೀಗಾಯಿತು ಅನ್ನುವುದನ್ನು ನೋಡೋಣ. ಅದು ಗೊತ್ತಾಗದೆ ಬಣ್ಣ ಹೊಡೆಸಿದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಇದೇ ಪಾಡು.

ವಾರ್ನಿಷ್ ಪಾರದರ್ಶಕ. ಬಿಸಿಲು ಅದರೊಳಗಿಂದ ನುಗ್ಗಿ ಕೆಳಗಿನ ಪದರಕ್ಕೆ ಬಡಿಯುತ್ತದೆ. ಬಣ್ಣದಲ್ಲಿ ಪುಡಿ ಇರುತ್ತದಲ್ಲ, ಆ ಪುಡಿಯೇ ಬಿಸಿಲನ್ನು ತಡೆಯುವುದು. ವಾರ್ನಿಷ್‌ನಲ್ಲಿ ಆ ಪುಡಿ ಇಲ್ಲ. ನಿಮ್ಮ ಬೋರ್ಡಿನ ಹಳೆಯ ಎನಾಮಲ್ ಆಗಲೇ ಮಂಕಾಗಿತ್ತು ಅಂದಿರಿ. ಅಂದರೆ ಅದರ ಮೇಲ್ಮೈ ಪುಡಿ ಪುಡಿಯಾಗಿತ್ತು. ಬೆರಳಿನಿಂದ ಉಜ್ಜಿದ್ದರೆ ಹಸಿರು ಕೈಗೆ ಹತ್ತುತ್ತಿತ್ತು. ಆ ಪುಡಿಯ ಮೇಲೆ ವಾರ್ನಿಷ್ ಕೂತಿತು. ಬಿಸಿಲಿಗೆ ಗಟ್ಟಿಯಾಗಿ, ಬಿರುಕು ಬಿಟ್ಟು, ಬಿರುಕಿನಿಂದ ನೀರು ಇಳಿಯಿತು. ಇಳಿದ ನೀರಿಗೆ ಸಲೀಸಾಗಿ ಹೊರಗೆ ಬರಲು ದಾರಿ ಇಲ್ಲ. ಹೀಗಾಗಿ ವಾರ್ನಿಷ್ ಏಳುವಾಗ ಬಣ್ಣವನ್ನೂ ಹೊತ್ತುಕೊಂಡೇ ಏಳುತ್ತದೆ.

ಆದರೆ ಕೆಳಗಿನ ಅಂಚು ಕೊಳೆತದ್ದು ವಾರ್ನಿಷ್‌ನಿಂದ ಅಲ್ಲ. ಅದಕ್ಕೆ ಕಾರಣ ಆ ಕಬ್ಬಿಣದ ಫ್ರೇಮು.

ಬೋರ್ಡನ್ನು ಫ್ರೇಮಿನಿಂದ ಬಿಚ್ಚಿ ನೋಡಿ. ಕೆಳಗಿನ ಆಂಗಲ್‌ನಲ್ಲಿ ಮಣ್ಣು, ಎಲೆಪುಡಿ, ತುಕ್ಕು ಸೇರಿಕೊಂಡು ಕೆಸರಿನಂತಾಗಿರುತ್ತದೆ. ಮಳೆ ನಿಂತ ಎರಡು ದಿನದ ಮೇಲೆ ಬೆರಳು ಹಾಕಿದರೂ ಅಲ್ಲಿ ಒದ್ದೆ. ಹಲಗೆಯ ಮುಖದ ಮೇಲೆ ಬಿದ್ದ ನೀರು ಜಾರಿ ಹೋಗುತ್ತದೆ, ಗಾಳಿಗೆ ಆರುತ್ತದೆ. ಆಂಗಲ್‌ನಲ್ಲಿ ಇಳಿದ ನೀರು ಮಾತ್ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲೇ ಇರುತ್ತದೆ. ಮರದಲ್ಲಿ ತೇವ ಶೇ. 20ಕ್ಕಿಂತ ಕಡಿಮೆ ಇದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ನಿಮ್ಮ ಬೋರ್ಡಿನ ಕೆಳ ಅಂಚು ವರ್ಷಕ್ಕೆ ಐದು ತಿಂಗಳು ಆ ಗೆರೆ ದಾಟಿಯೇ ಇರುತ್ತದೆ.

ಈಗ ಹಿಂಭಾಗ ನೋಡಿ. ಬಹುಶಃ ಅಲ್ಲಿ ಒಂದು ಕೋಟ್ ಪ್ರೈಮರ್ ಬಿಟ್ಟರೆ ಏನೂ ಇರುವುದಿಲ್ಲ. ಜನ ನೋಡುವುದಿಲ್ಲ ಅಂತ ಹಿಂದೆ ಬಣ್ಣ ಹೊಡೆಯುವುದನ್ನು ಬಿಡುತ್ತಾರೆ. ಮಳೆಗಾಲದಲ್ಲಿ ಹಿಂದಿನಿಂದ ಮರ ತೇವ ಕುಡಿದು ಉಬ್ಬುತ್ತದೆ. ಮುಂದೆ ಬಣ್ಣ ಇರುವುದರಿಂದ ಅಲ್ಲಿ ಅಷ್ಟು ಉಬ್ಬುವುದಿಲ್ಲ. ಹಲಗೆ ಬಾಗುತ್ತದೆ, ನಡುವಿನ ಜೋಡಣೆ ಬಿಡುತ್ತದೆ. ಒಳಗೆ ಸೇರಿದ ತೇವ ಬೇಸಿಗೆಯ ಬಿಸಿಲಿಗೆ ಮುಂದಿನ ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ಗುಳ್ಳೆ ಬರುವುದು ಹೀಗೆ. ಎಡ ಬಲದ ತುದಿಗಳನ್ನೂ ನೋಡಿ. ಮರವನ್ನು ಅಡ್ಡ ಕೊಯ್ದ ತುದಿ ಅಂದರೆ ನೀರು ಹರಿಯುತ್ತಿದ್ದ ಸಣ್ಣ ಕೊಳವೆಗಳ ತೆರೆದ ಬಾಯಿ. ಹಲಗೆಯ ಮುಖಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಹೊರಗಿಡುವ ಮರದ ಬೋರ್ಡು ಹಾಳಾಗುವುದು ಅಂಚು, ಬೆನ್ನು, ಮೊಳೆಯ ತೂತು, ಈ ಮೂರು ಕಡೆಯಿಂದ. ನಾವು ದುಡ್ಡು ಸುರಿಯುವುದು ಮುಖಕ್ಕೆ. ಈ ಲೆಕ್ಕ ತಿರುಗಬೇಕು.

ಕೆಲಸ ಶುರು ಮಾಡುವ ಮೊದಲು ಅಕ್ಷರ. ಬೋರ್ಡನ್ನು ಗೋಡೆಗೆ ನೇರವಾಗಿ ನಿಲ್ಲಿಸಿ, ಕ್ಯಾಮೆರಾವನ್ನು ಬೋರ್ಡಿನ ನಡುಮಟ್ಟಕ್ಕೆ ಹಿಡಿದು, ಪಕ್ಕದಲ್ಲಿ ಟೇಪು ಇಟ್ಟು ಫೋಟೋ ತೆಗೆಯಿರಿ. ಆಮೇಲೆ ಬ್ಲೇಡಿನಿಂದ ಒಂದು ಅಕ್ಷರದ ಮೂಲೆಯಲ್ಲಿ ಸಣ್ಣದಾಗಿ ಗುಣಿಸು ಗುರುತು ಗೀರಿ. ಅದರ ಮೇಲೆ ಪ್ಯಾಕಿಂಗ್ ಟೇಪನ್ನು ಒತ್ತಿ ಅಂಟಿಸಿ, ಸರ್ರನೆ ಎಳೆಯಿರಿ. ಟೇಪಿಗೆ ಬರೀ ವಾರ್ನಿಷ್ ಚೂರು ಬಂದರೆ ಅಕ್ಷರದ ಬಣ್ಣ ಇನ್ನೂ ಮರ ಹಿಡಿದಿದೆ. ಹಳದಿ, ಹಸಿರು, ಅದರ ಕೆಳಗಿನ ಪ್ರೈಮರ್ ಎಲ್ಲಾ ಒಟ್ಟಿಗೆ ಬಂದರೆ ಅದರ ಮೇಲೆ ಏನೇ ಹೊಡೆದರೂ ನಿಲ್ಲುವುದಿಲ್ಲ. ನಾಲ್ಕೈದು ಕಡೆ ಹೀಗೆ ನೋಡಿ.

ಮೇಲಿನ ಸಾಲು ಗಟ್ಟಿ ಇದ್ದು ಕೆಳಗಿನದು ಹೋಗಿರುವ ಸಾಧ್ಯತೆಯೇ ಹೆಚ್ಚು. ಕನ್ನಡ ಬೋರ್ಡುಗಳಲ್ಲಿ ಇದು ಸಾಮಾನ್ಯ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಅಂಚಿನ ಹತ್ತಿರ ಬರುತ್ತವೆ. ಮೊದಲು ಹೋಗುವುದು ಅವೇ. ಅಕ್ಷರಗಳಲ್ಲಿ ಬಹುಪಾಲು ಗಟ್ಟಿ ಇದ್ದರೆ ಹಿನ್ನೆಲೆಯನ್ನಷ್ಟೇ ಕೆರೆದು, ಹಳೆಯ ಅಕ್ಷರದ ಅಂಚು ಹಿಡಿದು ಮೇಲೆ ತುಂಬಿಸಬಹುದು. ಆದರೆ ನೀವು ಹೇಳಿದ್ದನ್ನು ಓದಿದರೆ ನಿಮ್ಮ ಬೋರ್ಡು ಆ ಹಂತ ದಾಟಿದೆ ಅನ್ನಿಸುತ್ತದೆ. ಪೂರ್ತಿ ಕೆರೆಯಬೇಕು.

ಹಾಗಿದ್ದರೆ ಅಕ್ಷರದ ಅಚ್ಚು ತೆಗೆದಿಟ್ಟುಕೊಳ್ಳಿ. ದೊಡ್ಡ ಟ್ರೇಸಿಂಗ್ ಶೀಟನ್ನು ಬೋರ್ಡಿಗೆ ಟೇಪು ಹಚ್ಚಿ ಕೂರಿಸಿ. ಪ್ರತಿ ಅಕ್ಷರದ ಹೊರಗೆರೆಯನ್ನು ಚೂಪಾದ ಪೆನ್ಸಿಲ್‌ನಲ್ಲಿ ನಿಧಾನವಾಗಿ ಎಳೆಯಿರಿ. ಬೋರ್ಡಿನ ನಾಲ್ಕು ಮೂಲೆ, ಅಕ್ಷರದ ತಲೆಗೆರೆ, ಬುಡದ ಗೆರೆ ಕೂಡ ಗುರುತಾಗಲಿ. ಇದನ್ನು ಅವಸರದಲ್ಲಿ ಮಾಡಬೇಡಿ. ಕೈಯಲ್ಲಿ ಬೋರ್ಡು ಬರೆಯುತ್ತಿದ್ದವರ ತಲೆಕಟ್ಟಿನ ಬಾಗು, ಕೊಂಬು ತಿರುಗುವ ಜಾಗದಲ್ಲಿ ಬ್ರಷ್ ಕೊಂಚ ದಪ್ಪವಾಗಿ ಸಣ್ಣದಾಗುವುದು, ಇವು ಒಬ್ಬೊಬ್ಬರದು ಒಂದೊಂದು ರೀತಿ. ಕಂಪ್ಯೂಟರ್ ಫಾಂಟಿನಲ್ಲಿ ಅದು ಸಿಗುವುದಿಲ್ಲ. ನಿಮ್ಮ ತಂದೆ ಬರೆಸಿದ್ದರಲ್ಲಿ ಉಳಿಸಬೇಕಾದ್ದು ಆ ರೂಪ. 20 ವರ್ಷದ ಹಿಂದಿನ ಹಳದಿ ಬಣ್ಣ ಹೋದರೂ ರೂಪ ನಿಮ್ಮ ಕೈಯಲ್ಲಿರುತ್ತದೆ.

ಕೆರೆಯುವಾಗ ಒಂದು ಎಚ್ಚರಿಕೆ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ನಿಮ್ಮ ಬೋರ್ಡು ಅದಕ್ಕಿಂತ ಹಳೆಯದು. ಹಳೆಯ ಎನಾಮಲ್‌ಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ ಸೀಸ ಇರುವುದು ಸಾಮಾನ್ಯವಾಗಿತ್ತು. ಹಾಗಾಗಿ ಒಣ ಧೂಳು ಎಬ್ಬಿಸಬೇಡಿ, ಮೆಷಿನ್ ಹಾಕಿ ಉಜ್ಜಿಸಬೇಡಿ. ಬೆಂಕಿ ಹಿಡಿದು ಸುಡುವುದಂತೂ ಬೇಡವೇ ಬೇಡ. ಕೆಳಗೆ ಪ್ಲಾಸ್ಟಿಕ್ ಹಾಸಿ, ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಸ್ಕ್ರೇಪರ್‌ನಿಂದ ಮರದ ಎಳೆಯ ಉದ್ದಕ್ಕೆ ಕೆರೆಯಿರಿ. ಉಳಿದದ್ದನ್ನು ನೀರು ಚಿಮುಕಿಸುತ್ತಾ ವಾಟರ್ ಪೇಪರ್‌ನಿಂದ ಉಜ್ಜಿ. ಒಳ್ಳೆಯ ಮಾಸ್ಕ್, ಗ್ಲೌಸ್ ಇರಲಿ. ಚಿಕ್ಕ ಮಕ್ಕಳು, ಬಸುರಿಯರು ಆ ಕಡೆ ಸುಳಿಯಬಾರದು. ಕೆರೆದ ಚೂರನ್ನು ಕಾಫಿ ಗಿಡದ ಬುಡಕ್ಕೋ ಕೆರೆಗೋ ಸುರಿಯಬೇಡಿ, ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸದ ಜೊತೆ ಕೊಡಿ.

ಬಣ್ಣ ಹೋದ ಮೇಲೆ ಕಪ್ಪು ಕಲೆ ಕಾಣುತ್ತದೆ. ಅದು ಬೂಸ್ಟೋ, ಬರೀ ಕೊಳೆಯೋ? ಬಟ್ಟೆ ಬಿಳುಪು ಮಾಡುವ ಬ್ಲೀಚ್ ಒಂದು ಹನಿ ಹಾಕಿ ನೋಡಿ. ಒಂದೆರಡು ನಿಮಿಷದಲ್ಲಿ ತಿಳಿಯಾದರೆ ಬೂಸ್ಟು. ಒಂದು ಪಾಲು ಬ್ಲೀಚ್, ಮೂರು ಪಾಲು ನೀರು ಬೆರೆಸಿ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಟಾಯ್ಲೆಟ್ ಆಸಿಡ್ ಜೊತೆ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ತಿಳಿಯಾಗದೆ ನೀಲಿಗಪ್ಪಾಗಿ ಮೊಳೆಯ ಸುತ್ತ ಹರಡಿದ ಕಲೆ ಇದ್ದರೆ ಅದು ಕಬ್ಬಿಣದ್ದು. ಅದಕ್ಕೆ ಬ್ಲೀಚ್ ಕೆಲಸ ಮಾಡುವುದಿಲ್ಲ, ಮೊಳೆ ಕಿತ್ತು ಹಾಕುವುದೇ ಮದ್ದು.

ಮೆತ್ತಗಾದ ಜಾಗಕ್ಕೆ ಸ್ಕ್ರೂಡ್ರೈವರ್ ತುದಿ ಚುಚ್ಚಿ. ಎಲ್ಲಿ ಸುಲಭವಾಗಿ ಇಳಿಯುವುದಿಲ್ಲವೋ ಅಲ್ಲಿಂದ ಮರ ಗಟ್ಟಿ. ಹಲಸಿನ ಚೇಗು, ಅಂದರೆ ನಡುವಿನ ಗಟ್ಟಿ ಭಾಗ, ಸುಮ್ನೆ ಕೊಳೆಯುವ ಮರ ಅಲ್ಲ. ಬಹಳ ಸಲ ಕೊಳೆತಿರುವುದು ಅಂಚಿನಲ್ಲಿ ಉಳಿದಿರುವ ಬಿಳಿ ಭಾಗ. ಒಂದಿಂಚಿನಷ್ಟು ಹೋಗಿದ್ದರೆ ಮೆತ್ತಬೇಡಿ, ಬಡಗಿಯಿಂದ ಉದ್ದಕ್ಕೆ ನೇರವಾಗಿ ಕೊಯ್ಸಿ ತೆಗೆಸಿ. ಆ ಜಾಗಕ್ಕೆ ಒಣಗಿದ ಚೇಗಿನ ಪಟ್ಟಿಯನ್ನು ಎಪಾಕ್ಸಿ ಅಂಟಿನಿಂದ ಕೂಡಿಸಿ. ಸಾಮಾನ್ಯ ಬಿಳಿ ಅಂಟಿಗೆ ಮರದ ಹೊಟ್ಟು ಕಲಸಿ ತುಂಬಿದರೆ ಒಂದೇ ಮಳೆಗಾಲಕ್ಕೆ ಮೆತ್ತಗಾಗುತ್ತದೆ. ಪೇಂಟರ್‌ಗಳು ಹಳ್ಳ ತುಂಬಲು ಹಚ್ಚುವ ಲಪ್ಪ ಕೂಡ ಹೊರಗೆ ನಿಲ್ಲುವುದಿಲ್ಲ, ನೀರು ಕುಡಿಯುತ್ತದೆ. ಕಾರಿಗೆ ಹಾಕುವ ಬಾಡಿ ಪುಟ್ಟಿ ಕಲ್ಲಿನಷ್ಟು ಗಟ್ಟಿ. ಮರ ಉಬ್ಬಿ ಕುಗ್ಗುವಾಗ ಅದು ಜೊತೆಗೆ ಆಡುವುದಿಲ್ಲ, ಒಂದು ದಿನ ಇಡಿಯಾಗಿ ಕಳಚಿ ಬೀಳುತ್ತದೆ. ಸಣ್ಣ ಹಳ್ಳಗಳಿಗೆ ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ ಸಾಕು. ಎರಡು ಹಲಗೆಯ ನಡುವಿನ ಬಿರುಕಿಗೆ ಗಟ್ಟಿ ಪುಟ್ಟಿ ಬೇಡ. ಬಣ್ಣ ಹಿಡಿಯುವ, ರಬ್ಬರಿನ ಗುಣದ ಅಕ್ರಿಲಿಕ್ ಅಥವಾ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿ. ಸಿಲಿಕೋನ್ ಬೇಡ, ಅದರ ಮೇಲೆ ಬಣ್ಣ ಕೂರುವುದಿಲ್ಲ.

ಕೊಳೆತದ್ದನ್ನು ತೆಗೆದ ಮೇಲೆ ಒಂದು ಅಗ್ಗದ ಮದ್ದು ಇದೆ. ಒಂದು ಲೀಟರ್ ಬಿಸಿ ನೀರಿಗೆ 20 ಗ್ರಾಂ ಬೋರಿಕ್ ಪೌಡರ್, 30 ಗ್ರಾಂ ಬಿಳಿಗಾರ (ಬೋರಾಕ್ಸ್) ಕರಗಿಸಿ ಅಂಚು, ತುದಿ, ತೂತುಗಳಿಗೆ ಎರಡು ಮೂರು ಸಲ ಕುಡಿಸಿ. ಬಿದಿರಿಗೆ ಹುಳ ಬೀಳದಂತೆ ಕೊಡುವ ಬೋರಾನ್ ಮದ್ದು ಇದೇ. ಶಿಲೀಂಧ್ರಕ್ಕೂ ಗೆದ್ದಲಿಗೂ ತಡೆ. ಬಯಲಲ್ಲಿ ಬಿಟ್ಟರೆ ಮಳೆಗೆ ತೊಳೆದು ಹೋಗುತ್ತದೆ, ಬಣ್ಣದ ಕೆಳಗೆ ಉಳಿಯುತ್ತದೆ. ಒಣಗಿದ ಮೇಲೆ ಬಿಳಿ ಉಪ್ಪು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಊರಲ್ಲಿ ಯಾರಾದರೂ ಸುಟ್ಟ ಎಂಜಿನ್ ಆಯಿಲ್ ಹಚ್ಚಿ ಅನ್ನಬಹುದು. ಗೇರು ಎಣ್ಣೆ ಹಚ್ಚಿ ಅಂತಲೂ ಹೇಳಬಹುದು. ಗೇರು ಬೀಜದ ಸಿಪ್ಪೆಯ ಎಣ್ಣೆ ತೊಲೆ, ಪಕಾಸಿಗೆ ಒಳ್ಳೆಯದೇ. ಗೆದ್ದಲು ಹತ್ತಿರ ಬರುವುದಿಲ್ಲ. ಆದರೆ ಬಣ್ಣ ಹೊಡೆಯುವ ಹಲಗೆಗೆ ಎರಡೂ ಬೇಡ. ಮೇಲೆ ಹಾಕಿದ ಬಣ್ಣ ಸರಿಯಾಗಿ ಒಣಗುವುದಿಲ್ಲ, ಹಿಡಿಯುವುದಿಲ್ಲ, ಕಲೆ ಹೊರಗೆ ಬರುತ್ತದೆ.

ಇನ್ನು ಒಣಗಿಸುವುದು. ಜನ ತಾಳ್ಮೆ ಕಳೆದುಕೊಳ್ಳುವುದು ಇಲ್ಲೇ. ಮೇಲೆ ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ, ಒಳಗೆ ತೇವ ಇರುತ್ತದೆ. ಬಿಸಿಲಿಗೆ ಹಾಕಬೇಡಿ, ಸೀಳುತ್ತದೆ. ಗಾಳಿಯಾಡುವ ಶೆಡ್ಡಿನಲ್ಲಿ ಎರಡು ಪಟ್ಟಿಯ ಮೇಲೆ ಮಲಗಿಸಿ. ತೇವ ಅಳೆಯುವ ಮೀಟರ್ ಇದ್ದರೆ ಶೇ. 15ರ ಒಳಗೆ ಬರಬೇಕು. ಮೀಟರ್ ಇಲ್ಲದಿದ್ದರೆ ಕಾಫಿ ತೂಗುವ ತಕ್ಕಡಿ ಇದೆಯಲ್ಲ, ವಾರಕ್ಕೊಮ್ಮೆ ಬೋರ್ಡನ್ನು ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಹಲಗೆ ಒಣಗಿದೆ. ನಿಮ್ಮ ಕಡೆಯ ಹವೆಗೆ ನವೆಂಬರ್‌ನಲ್ಲಿ ಬಿಚ್ಚಿ ಕೆರೆದು ಒಣಗಲು ಬಿಡುವುದು, ಜನವರಿ ಕೊನೆ ಅಥವಾ ಫೆಬ್ರವರಿ ಶುರುವಿನಲ್ಲಿ ಬಣ್ಣ ಹೊಡೆಯುವುದು ಸರಿ. ಕಾಫಿ ಹೂವರಳಿಸುವ ಹೂ ಮಳೆ ಬೀಳುವ ಮೊದಲು ಮುಗಿದಿರಬೇಕು. ಬಣ್ಣ ಹೊಡೆಯುವ ಮುನ್ನ ಸ್ಯಾಂಡ್ ಪೇಪರ್‌ನಿಂದ ಇನ್ನೊಮ್ಮೆ ಉಜ್ಜಿ. ವಾರಗಟ್ಟಲೆ ಬೆಳಕಿಗೆ ಬಿದ್ದ ಬರಿ ಮರದ ಮೇಲ್ಪದರ ಸತ್ತಿರುತ್ತದೆ, ಬಣ್ಣ ಅದನ್ನು ಹಿಡಿದರೆ ಅದರ ಜೊತೆಗೇ ಕಳಚುತ್ತದೆ. 80 ನಂಬರ್, ಆಮೇಲೆ 120. ಅಷ್ಟು ಸಾಕು. ಗಾಜಿನಂತೆ ನುಣುಪು ಮಾಡಿದರೆ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ.

ಇದೇ ಹೊತ್ತಿನಲ್ಲಿ ಬಡಗಿಯಿಂದ ಮೂರು ಸಣ್ಣ ಕೆಲಸ ಮಾಡಿಸಿ. ಮೇಲಿನ ಅಂಚನ್ನು ಹಿಂದಕ್ಕೆ ಇಳಿಜಾರಾಗಿ ಹೊಡೆಸಿ, ನೀರು ನಿಲ್ಲಬಾರದು. ಚೂಪಾದ ಅಂಚುಗಳನ್ನು ಕೊಂಚ ಗುಂಡಗೆ ಮಾಡಿಸಿ, ಚೂಪಿನ ಮೇಲೆ ಬಣ್ಣ ತೆಳ್ಳಗಾಗಿ ಮೊದಲು ಅಲ್ಲೇ ಬಿಡುತ್ತದೆ. ಕೆಳ ಅಂಚಿನ ಅಡಿಯಲ್ಲಿ ಉದ್ದಕ್ಕೆ ಒಂದು ಸಣ್ಣ ಕಾಲುವೆ ತೋಡಿಸಿ, ಮುಂದಿನಿಂದ ಇಳಿದ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಹಿಂದಕ್ಕೆ ಹರಿಯುವುದಿಲ್ಲ.

ಪ್ರೈಮರ್ ಆಯಿಲ್ ಬೇಸ್‌ನದೇ ಇರಲಿ. ಹಲಸು ಬಣ್ಣ ಬಿಡುವ ಮರ. ಬೌದ್ಧ ಭಿಕ್ಷುಗಳ ಬಟ್ಟೆಗೆ ಹಲಸಿನ ಚಕ್ಕೆ ಕುದಿಸಿ ಬಣ್ಣ ತೆಗೆಯುವ ಪದ್ಧತಿ ಇದೆ. ನೀರಿನ ಪ್ರೈಮರ್ ಹಚ್ಚಿದರೆ ಆ ಬಣ್ಣ ಮೇಲೆ ಏರುವ ಭಯ. ಮೊದಲ ಕೋಟಿಗೆ ಸ್ವಲ್ಪ ಟರ್ಪೆಂಟೈನ್ ಸೇರಿಸಿ ತೆಳ್ಳಗೆ ಮಾಡಿ. ಆರೂ ಮೈಗೆ ಹಚ್ಚಿ: ಮುಂದೆ, ಹಿಂದೆ, ನಾಲ್ಕು ಅಂಚು. ಎಡ ಬಲದ ತುದಿಗಳಿಗೆ ಹಚ್ಚಿದ ಪ್ರೈಮರ್ ಕಣ್ಣೆದುರೇ ಮಾಯವಾಗುತ್ತದೆ. ಮರ ಕುಡಿಯುವುದು ನಿಲ್ಲಿಸಿ ಮೇಲೆ ಹೊಳಪು ಉಳಿಯುವವರೆಗೆ ಮತ್ತೆ ಮತ್ತೆ ಹಚ್ಚಿ. ಸ್ಕ್ರೂ ತೂತುಗಳನ್ನು ಈಗಲೇ ಕೊರೆದು ಒಳಗೂ ಬ್ರಷ್ ಆಡಿಸಿ. ಒಂದು ದಿನ ಬಿಟ್ಟು, ಹಗುರಾಗಿ ಉಜ್ಜಿ, ಇನ್ನೊಂದು ಕೋಟ್ ಪ್ರೈಮರ್.

ಅದರ ಮೇಲೆ ಹೊರಗಿನ ಬಳಕೆಯ ಹಸಿರು ಎನಾಮಲ್ ಎರಡು ಕೋಟ್, ಹಿಂಭಾಗಕ್ಕೂ ಅಷ್ಟೇ. ನಿಮ್ಮ ಅಳತೆಗೆ ಅರ್ಧ ಲೀಟರ್ ಸಾಕಾಗುತ್ತದೆ. ತೆಳ್ಳಗೆ ಎಳೆಯಿರಿ. ಒಂದೇ ಸಲ ದಪ್ಪಗೆ ಹೊಡೆದರೆ ಮೇಲೆ ಕೆನೆ ಕಟ್ಟಿ ಸುಕ್ಕಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಬೆಳಿಗ್ಗೆ ಇಬ್ಬನಿ ಪೂರ್ತಿ ಆರಿದ ಮೇಲೆ, ನೆರಳಿನಲ್ಲಿ ಶುರು ಮಾಡಿ. ಮಧ್ಯಾಹ್ನ ಮೂರರ ಮೇಲೆ ಬ್ರಷ್ ಮುಟ್ಟಬೇಡಿ. ಹಸಿ ಎನಾಮಲ್ ಮೇಲೆ ಸಂಜೆಯ ಇಬ್ಬನಿ ಕೂತರೆ ಹೊಳಪು ಸತ್ತು ಮಂಜು ಮಂಜಾಗುತ್ತದೆ.

ಎರಡು ಮೂರು ದಿನ ಬಿಟ್ಟು ಅಕ್ಷರ. ಟ್ರೇಸಿಂಗ್ ಶೀಟಿನ ಹಿಂದೆ ಸೀಮೆಸುಣ್ಣ ಉಜ್ಜಿ, ಬೋರ್ಡಿನ ಮೇಲೆ ಅದೇ ಗುರುತಿಗೆ ಕೂರಿಸಿ, ಹೊರಗೆರೆಯ ಮೇಲೆ ಪೆನ್ಸಿಲ್ ಆಡಿಸಿದರೆ ಹಸಿರಿನ ಮೇಲೆ ಬಿಳಿ ಗೆರೆ ಮೂಡುತ್ತದೆ. ತುಂಬಿಸಲು ಕೈ ಪಳಗಿದವರನ್ನೇ ಕರೆಯಿರಿ. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಕೆಳಗಿಟ್ಟವರು ಹಾಸನ, ಚಿಕ್ಕಮಗಳೂರು ಕಡೆ ಇನ್ನೂ ಇದ್ದಾರೆ, ಹುಡುಕಿದರೆ ಸಿಗುತ್ತಾರೆ. ಅವರಿಗೆ ಸರಿಯಾದ ಕೂಲಿ ಕೊಟ್ಟು ಬರೆಸಿ. ಹಳದಿಗೆ ಮುಚ್ಚುವ ಶಕ್ತಿ ಕಡಿಮೆ, ಮೊದಲು ಬಿಳಿ ಒಂದು ಕೋಟ್, ಮೇಲೆ ಹಳದಿ. ನಿಂಬೆ ಹಳದಿಗಿಂತ ಕಾವಿ ಮಣ್ಣಿನ ಛಾಯೆಯ ಹಳದಿ ಬಿಸಿಲಿಗೆ ಜಾಸ್ತಿ ಬಾಳುತ್ತದೆ. ಕೆಂಪು ಬೇಕೆನಿಸಿದರೂ ಅಷ್ಟೇ. ರಸ್ತೆ ಬದಿಯ ಬೋರ್ಡುಗಳಲ್ಲಿ ಕೆಂಪಕ್ಷರ ಮೊದಲು ಮಾಸುವುದನ್ನು ನೀವೂ ನೋಡಿರುತ್ತೀರಿ. ರೆಡ್ ಆಕ್ಸೈಡ್ ಛಾಯೆ ಹಾಗೆ ಮಾಸುವುದಿಲ್ಲ.

ಹೇಗೂ ಬರೆಸುತ್ತೀರಿ, ಇದೊಂದು ನೆನಪಿರಲಿ. ಹೋಂಸ್ಟೇ ವ್ಯಾಪಾರದ ಲೆಕ್ಕಕ್ಕೆ ಬರಬಹುದು. 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆ ಪ್ರಕಾರ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು, ಅದು ಮೇಲರ್ಧದಲ್ಲಿ ಇರಬೇಕು. ಇಂಗ್ಲಿಷ್ ಸಾಲು ಸೇರಿಸುವುದಿದ್ದರೆ ಕೆಳಗೆ ಹಾಕಿಸಿ.

ಅಕ್ಷರ ಮುಗಿದ ಮೇಲೆ ವಾರ್ನಿಷ್ ಇಲ್ಲ. ಎನಾಮಲ್ಲೇ ಕೊನೆಯ ಪದರ.

ಎರಡು ವಾರ ಒಳಗೇ ಬಿಟ್ಟು ಆಮೇಲೆ ಕಟ್ಟಿ. ಆ ಆಂಗಲ್ ಫ್ರೇಮನ್ನು ದಯವಿಟ್ಟು ಬಿಟ್ಟುಬಿಡಿ. ಬಿಡಲು ಆಗದಿದ್ದರೆ ಕೆಳಗಿನ ಆಂಗಲ್ ಕತ್ತರಿಸಿ ತೆಗೆಸಿ. ಎರಡು ಕಂಬಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂನಿಂದ ಹಿಡಿಸಿ, ಕಂಬಕ್ಕೂ ಹಲಗೆಗೂ ನಡುವೆ ಅರ್ಧ ಇಂಚು ಸಂದು ಇರಲಿ, ಗಾಳಿ ಆಡಬೇಕು. ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿದ್ದು, ವಾಷರ್ ಹಾಕಿ, ಮರಕ್ಕೆ ಉಬ್ಬಲು ಜಾಗ ಬಿಡಿ. ನೆಲದಿಂದ ಒಂದೂವರೆ ಅಡಿಯಾದರೂ ಮೇಲಿರಲಿ, ಎರಚಲು ಹೊಡೆಯಬಾರದು. ಮೇಲೆ ಎರಡು ಸಾಲು ಮಂಗಳೂರು ಹೆಂಚಿನ ಪುಟ್ಟ ಮಾಡು ಹಾಕಿಸಿದರೆ, ಮುಂದಕ್ಕೆ ಆರಿಂಚು ಚಾಚಿದ್ದು, ಬೋರ್ಡಿನ ಆಯಸ್ಸು ಬಹಳ ಹೆಚ್ಚುತ್ತದೆ. ಯಾವ ಬಣ್ಣವೂ ಮಾಡದ ಕೆಲಸವನ್ನು ಅದು ಮಾಡುತ್ತದೆ. ಮಳೆಗಾಲಕ್ಕೆ ಪ್ಲಾಸ್ಟಿಕ್ ಸುತ್ತುವುದು ಬೇಡ, ಒಳಗೆ ಬೆವರಿ ಇನ್ನೂ ಹಾಳಾಗುತ್ತದೆ.

ಪ್ರತಿ ವರ್ಷ ಮಳೆ ನಿಂತ ಮೇಲೆ ಸೋಪಿನ ನೀರಲ್ಲಿ ಪಾಚಿ ಒರೆಸಿ, ಅಂಚು, ತುದಿ, ಸ್ಕ್ರೂ ಸುತ್ತ ಕಣ್ಣಾಡಿಸಿ. ಬರಿ ಮರ ಕಂಡ ಕಡೆ ಒಣಗಿಸಿ ಪ್ರೈಮರ್, ಹಸಿರು ಮುಟ್ಟಿಸಿ. ಅದಕ್ಕಾಗಿ ಉಳಿದ ಬಣ್ಣವನ್ನು ಸಣ್ಣ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಈಗ ಮಳೆ ಇದ್ದರೆ ಬೋರ್ಡನ್ನು ಇವತ್ತೇ ಬಿಚ್ಚಿ ಒಳಗಿಡಿ, ಅಲ್ಲಿಯವರೆಗೆ ಗೇಟಿಗೆ ಒಂದು ಸಣ್ಣ ತಗಡಿನ ಬೋರ್ಡು ನೇತು ಹಾಕಿದರೆ ಅತಿಥಿಗಳಿಗೆ ದಾರಿ ತಿಳಿಯುತ್ತದೆ.